ಗುಡ್ಡದಿಂದ ಹಳ್ಳದವರೆಗೆ: ನಿಮ್ಮೂರಿನ ಮಣ್ಣನ್ನು ನೀವೇ ಪರೀಕ್ಷಿಸಲು ಸಮಗ್ರ ಮಾರ್ಗದರ್ಶಿ

ಕಪ್ಪು ಮಣ್ಣು ಬಸಾಲ್ಟ್ ಶಿಲೆಯಿಂದ, ಅಂದರೆ ಹೆಪ್ಪುಗಟ್ಟಿದ ಲಾವಾ ಸವೆದು ಆದದ್ದು ಎಂಬ ವಾಕ್ಯವನ್ನು ಶಾಲೆಯ ಭೂಗೋಳ ಪಾಠದಲ್ಲಿ ಎಲ್ಲರೂ ಓದಿರುತ್ತೇವೆ. ವಿಜಯಪುರ, ಬೀದರ್ ಕಡೆಯ ನೆಲಕ್ಕೆ ಆ ಮಾತು ಒಪ್ಪುತ್ತದೆ. ಅಲ್ಲಿ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾದ ಪದರಗಳಿವೆ. ಆದರೆ ಸಿಂಧನೂರು, ಮಾನ್ವಿ, ಸಿರುಗುಪ್ಪ, ಯಲಬುರ್ಗಾ ಕಡೆಯ ಎರೆ (ಕಪ್ಪು ಮಣ್ಣಿನ) ಹೊಲದಲ್ಲಿ ಬಾವಿ ತೋಡಿದವರನ್ನು ಕೇಳಿ. ಕೆಳಗೆ ಸಿಕ್ಕಿದ್ದು ಬಹುಮಟ್ಟಿಗೆ ಗ್ರಾನೈಟ್, ಇಲ್ಲವೇ ಪಟ್ಟೆಪಟ್ಟೆಯ ನೈಸ್ ಶಿಲೆ ಎನ್ನುತ್ತಾರೆ. ಆನೆಗೊಂದಿ, ಗಂಗಾವತಿಯ ಬಂಡೆಗುಡ್ಡಗಳೂ ಅದೇ ಜಾತಿಯವು, ವಯಸ್ಸು ಸುಮಾರು 250 ಕೋಟಿ ವರ್ಷ. ಆ ಗುಡ್ಡದ ಬುಡದಲ್ಲಿ ಮಣ್ಣು ಕೆಂಪಗಿರುತ್ತದೆ, ಒಂದೆರಡು ಕಿಲೋಮೀಟರ್ ಇಳಿದು ಹಳ್ಳದ ಹತ್ತಿರ ಹೋದರೆ ಕಪ್ಪಗಿರುತ್ತದೆ. ಕಲ್ಲು ಒಂದೇ, ಮಣ್ಣು ಎರಡು. ಏಕೆ?

ಇದಕ್ಕೆ ಉತ್ತರ ಕಲ್ಲಿಗಿಂತ ಹೆಚ್ಚಾಗಿ ಇಳಿಜಾರಿನಲ್ಲಿದೆ, ನೀರು ಎಲ್ಲಿಂದ ಎಲ್ಲಿಗೆ ಏನನ್ನು ಹೊತ್ತೊಯ್ದಿತು ಎಂಬುದರಲ್ಲಿದೆ. ಅದನ್ನು ಪ್ರಯೋಗಾಲಯವಿಲ್ಲದೆ, ಊರಿನಲ್ಲೇ ಸಿಗುವ ಸಾಮಾನುಗಳಿಂದ ನೀವೇ ಪರೀಕ್ಷಿಸಿ ನೋಡಬಹುದು. ಎಂಟರಿಂದ ಹತ್ತನೇ ತರಗತಿಯ ನಾಲ್ಕೈದು ಮಂದಿಯ ಗುಂಪಿಗೆ ಇದು ಎರಡು ಮೂರು ವಾರಗಳ ಕೆಲಸ. ಜನವರಿ ಕೊನೆಯಿಂದ ಮಾರ್ಚ್‌ವರೆಗೆ ಒಳ್ಳೆಯ ಕಾಲ. ಕಡಲೆ, ಜೋಳದ ಕಟಾವು ನಡೆದು ಹೊಲ ಖಾಲಿಯಾಗಿರುತ್ತದೆ, ಎರೆ ನೆಲ ಬಾಯಿಬಿಡಲು ಶುರುಮಾಡಿರುತ್ತದೆ.

ಸಾಲನ್ನು ಆರಿಸುವುದು

ಮೊದಲು ಎತ್ತರದಿಂದ ತಗ್ಗಿಗೆ ಒಂದು ನೇರ ಸಾಲನ್ನು ಮನಸ್ಸಿನಲ್ಲಿ ಎಳೆದುಕೊಳ್ಳಿ. ಒಂದು ತುದಿ ಗುಡ್ಡದ ಬುಡ ಅಥವಾ ಮರಡಿ, ಇನ್ನೊಂದು ತುದಿ ಹಳ್ಳ ಅಥವಾ ಕೆರೆಯಂಗಳ. ಮಧ್ಯದ ಹೊಲಗಳು ಯಾರವು ಎಂದು ತಿಳಿದುಕೊಂಡು ಅವರನ್ನು ಕಂಡು ಕೇಳಿ. ಒಪ್ಪಿಗೆ ಪಡೆಯುವುದಷ್ಟೇ ಇದರ ಉದ್ದೇಶವಲ್ಲ. ಯಾವ ಹೊಲ ಮಸಾರಿ (ಕೆಂಪು ಮಣ್ಣು), ಯಾವುದು ಎರೆ, ಎಲ್ಲಿ ಸವಳು (ಉಪ್ಪು ಸೇರಿ ಕೆಟ್ಟ ಮಣ್ಣು), ಎಲ್ಲಿ ಗರಸು (ಸಣ್ಣ ಕಲ್ಲು) ಎಂಬುದನ್ನು ಹೊಲದ ಯಜಮಾನರು ನಿಂತಲ್ಲೇ ಹೇಳುತ್ತಾರೆ. ಅವರು ಹೇಳಿದ ಹೆಸರನ್ನು ಹಾಗೆಯೇ ಬರೆದುಕೊಳ್ಳಿ. ನಿಮ್ಮ ಪರೀಕ್ಷೆಗಳ ಫಲಿತಾಂಶವನ್ನು ಕೊನೆಗೆ ಅವರ ವಿಂಗಡಣೆಯೊಂದಿಗೆ ಹೋಲಿಸಬೇಕಾಗುತ್ತದೆ.

ಸಾಲಿನ ಮೇಲೆ ಕನಿಷ್ಠ ನಾಲ್ಕು ಜಾಗಗಳನ್ನು ಗುರುತಿಸಿ: ಗುಡ್ಡದ ಬುಡ, ಇಳಿಜಾರಿನ ನಡು, ಬಣ್ಣ ಬದಲಾಗುವ ಜಾಗ, ಹಳ್ಳದ ಹತ್ತಿರದ ತಗ್ಗು. ಕಾಲುವೆ ನೀರಾವರಿ ಇರುವ ಊರಾದರೆ ಬಿಳಿ ಪೊರೆ ಕಟ್ಟಿದ ಒಂದು ಸವಳು ಜಾಗವನ್ನೂ ಸೇರಿಸಿಕೊಳ್ಳಿ. ಬದು, ತಿಪ್ಪೆಯ ಪಕ್ಕ, ಮರದ ಬುಡ, ದನ ಕಟ್ಟುವ ಜಾಗ ಬೇಡ. ಅಲ್ಲಿನ ಮಣ್ಣು ಹೊಲದ ಮಣ್ಣನ್ನು ಪ್ರತಿನಿಧಿಸುವುದಿಲ್ಲ.

ಜಾಗಗಳ ನಡುವಿನ ಎತ್ತರದ ವ್ಯತ್ಯಾಸವನ್ನು ಅಳೆಯಲು ಗೌಂಡಿಗಳು ಮಟ್ಟ ನೋಡುವ ಪಾರದರ್ಶಕ ಪೈಪ್ ಸಾಕು. ಪೈಪಿನಲ್ಲಿ ಗುಳ್ಳೆ ಉಳಿಯದಂತೆ ನೀರು ತುಂಬಿಸಿ, ಎರಡು ತುದಿಗಳನ್ನು ಸೆಂಟಿಮೀಟರ್ ಗುರುತು ಹಾಕಿದ ಎರಡು ಕೋಲುಗಳಿಗೆ ಹಿಡಿದು ನಿಲ್ಲಿ. ಎರಡೂ ಕಡೆ ನೀರು ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಎರಡು ಕೋಲುಗಳ ಮೇಲಿನ ಅಳತೆಗಳ ವ್ಯತ್ಯಾಸವೇ ಆ ಎರಡು ಜಾಗಗಳ ಎತ್ತರದ ವ್ಯತ್ಯಾಸ. ಹತ್ತು ಹತ್ತು ಮೀಟರ್ ಹೀಗೆ ಸಾಗುತ್ತಾ ಕೂಡಿಸಿಕೊಂಡು ಹೋಗಿ. ನಿಧಾನದ ಕೆಲಸ, ನಿಜ. ಆದರೆ ಮುಂದೆ ಬರುವ ಎಲ್ಲ ಫಲಿತಾಂಶಗಳಿಗೆ ಇದೇ ಬುನಾದಿ. ಸಾಲು ತೀರಾ ಉದ್ದವಿದ್ದರೆ ಬಣ್ಣ ಬದಲಾಗುವ ಭಾಗವನ್ನಾದರೂ ಅಳೆಯಿರಿ.

ಎರೆ ಬಿರುಕುಗಳಲ್ಲಿ, ಕಲ್ಲಿನ ಸಂದುಗಳಲ್ಲಿ ಚೇಳು, ಹಾವು ಇರಬಹುದು. ಕೈ ಹಾಕಬೇಡಿ, ಕಾಲಿಗೆ ಬೂಟು ಇರಲಿ. ಬಾವಿ, ಕೃಷಿ ಹೊಂಡಗಳಿಗೆ ಇಳಿಯಬೇಡಿ. ಬಳ್ಳಾರಿಯ ಹತ್ತಿರ ಸಂಗನಕಲ್ಲು, ಕುಡತಿನಿಯಂಥ ಕಡೆ ನವಶಿಲಾಯುಗದ ಬೂದಿ ದಿಬ್ಬಗಳಿವೆ. ಸಾವಿರಾರು ವರ್ಷಗಳ ಹಿಂದೆ ದನಗಾಹಿಗಳು ರಾಶಿ ಹಾಕಿದ ಸಗಣಿ ಸುಟ್ಟು ಉಳಿದ ಬೂದಿ ಅದು. ಅಂಥ ದಿಬ್ಬದಿಂದ ಒಂದು ಹಿಡಿ ಮಣ್ಣನ್ನೂ ತೆಗೆಯಬಾರದು. ಹೊಲದಲ್ಲಿ ಹಳೆಯ ಮಡಕೆಯ ಚೂರು, ನಯಗೊಳಿಸಿದ ಕಲ್ಲಿನ ಕೊಡಲಿ ಕಂಡರೆ ಇದ್ದಲ್ಲೇ ಬಿಟ್ಟು ಫೋಟೊ ತೆಗೆದು ಶಿಕ್ಷಕರಿಗೆ ತಿಳಿಸಿ.

ಮಣ್ಣು ತೆಗೆಯುವ ಕ್ರಮ

ಮೇಲಿನ ಕಸಕಡ್ಡಿ ಸರಿಸಿ, ಸಲಿಕೆಯಿಂದ ‘ವಿ’ ಆಕಾರದ ಗುಳಿಯನ್ನು ಸುಮಾರು 15 ಸೆಂಟಿಮೀಟರ್ ಆಳಕ್ಕೆ ತೆಗೆಯಿರಿ. ಗುಳಿಯ ಒಂದು ಗೋಡೆಯಿಂದ ಮೇಲಿನಿಂದ ಕೆಳಗಿನವರೆಗೆ ಎರಡು ಬೆರಳು ದಪ್ಪದ ಪಟ್ಟಿಯನ್ನು ಕೆರೆದುಕೊಳ್ಳಿ. ಒಂದೊಂದು ಜಾಗದಲ್ಲೂ ಐದಾರು ಹೆಜ್ಜೆ ಅಂತರದ ಐದು ಗುಳಿಗಳಿಂದ ಹೀಗೆ ತೆಗೆದು ಒಂದು ಬುಟ್ಟಿಯಲ್ಲಿ ಬೆರೆಸಿ. ಬೆರೆಸಿದ ಮಣ್ಣನ್ನು ಹಾಳೆಯ ಮೇಲೆ ಹರಡಿ ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗಗಳನ್ನು ಚೆಲ್ಲಿ, ಉಳಿದದ್ದನ್ನು ಮತ್ತೆ ಬೆರೆಸಿ ಮತ್ತೆ ನಾಲ್ಕಾಗಿಸಿ. ಸುಮಾರು ಒಂದು ಕಿಲೋ ಉಳಿಯುವವರೆಗೆ ಇದನ್ನೇ ಮಾಡಿ. ಮಣ್ಣು ಪರೀಕ್ಷಾ ಕೇಂದ್ರಕ್ಕೆ ಮಾದರಿ ಕಳಿಸುವವರೂ ಅನುಸರಿಸುವ ಕ್ರಮ ಇದು. ಅವರಿಗೆ ಅರ್ಧ ಕಿಲೋ ಸಾಕು, ನಮಗೆ ಪರೀಕ್ಷೆಗಳು ಹೆಚ್ಚು.

ನೆರಳಿನಲ್ಲಿ ಒಣಗಿಸಿ. ಬಟ್ಟೆಯ ಚೀಲದಲ್ಲಿ ಹಾಕಿ, ಒಳಗೊಂದು ಹೊರಗೊಂದು ಚೀಟಿ ಇಡಿ. ಚೀಟಿಯಲ್ಲಿ ಜಾಗದ ಸಂಖ್ಯೆ, ದಿನಾಂಕ, ಆಳ, ಹೊಲದವರು ಹೇಳಿದ ಮಣ್ಣಿನ ಹೆಸರು, ಹಿಂದಿನ ಬೆಳೆ, ಇವಿಷ್ಟು ಇರಬೇಕು. ಒಂದೆರಡು ಹೆಂಟೆಗಳನ್ನು ಪುಡಿ ಮಾಡದೆ ಹಾಗೆಯೇ ಬೇರೆ ಇಡಿ, ಅವು ಸವಳಿನ ಪರೀಕ್ಷೆಗೆ ಬೇಕು.

ಹತ್ತಿರದಲ್ಲಿ ಹೊಸದಾಗಿ ತೋಡಿದ ಕೃಷಿ ಹೊಂಡ ಇದ್ದರೆ ನಿಮ್ಮ ಅದೃಷ್ಟ. ದಂಡೆಯ ಮೇಲೆ ದೂರದಿಂದ ನಿಂತು ಎದುರು ಗೋಡೆಯ ಫೋಟೊ ತೆಗೆಯಿರಿ. ಮೇಲಿನ ಮಣ್ಣು, ಅದರ ಕೆಳಗೆ ಸುಣ್ಣದ ಹರಳು ಬೆರೆತ ಪದರ, ಇನ್ನೂ ಕೆಳಗೆ ಪುಡಿಪುಡಿಯಾದ ಕಲ್ಲು, ಕೊನೆಗೆ ಗಟ್ಟಿ ಬಂಡೆ, ಎಲ್ಲವೂ ಒಂದೇ ಚಿತ್ರದಲ್ಲಿ ಸಿಗಬಹುದು. ಕೆಳಗಿನ ಪುಡಿಗಲ್ಲಿನಲ್ಲಿ ಗಾಜಿನಂತೆ ಹೊಳೆಯುವ ಬೆಣಚುಕಲ್ಲಿನ ಹರಳು, ನಸುಗೆಂಪು ಅಥವಾ ಬಿಳಿಯ ಫೆಲ್ಡ್‌ಸ್ಪಾರ್ ಖನಿಜ ಕಂಡರೆ ಅದು ಗ್ರಾನೈಟ್ ಜಾತಿಯದು. ಎರೆಯ ಕೆಳಗೆ ಗ್ರಾನೈಟ್ ಇರುವುದನ್ನು ನೀವೇ ಕಂಡಂತಾಯಿತು.

ಬೆರಳಿನ ಪರೀಕ್ಷೆ

ಒಂದು ಚಮಚ ಪುಡಿ ಮಣ್ಣಿಗೆ ಹನಿಹನಿಯಾಗಿ ನೀರು ಹಾಕಿ ಒಂದೆರಡು ನಿಮಿಷ ನಾದಿ ಉಂಡೆ ಮಾಡಿ. ಉಂಡೆಯೇ ಆಗದಿದ್ದರೆ ಅದು ಮರಳು. ಉಂಡೆಯಾದರೆ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಒತ್ತುತ್ತಾ ಪಟ್ಟಿಯಾಗಿ ಹೊರಗೆ ತಳ್ಳಿ. ಪಟ್ಟಿ 2.5 ಸೆಂಟಿಮೀಟರ್ ಆಗುವ ಮೊದಲೇ ಮುರಿದರೆ ಜೇಡಿ (ಮಣ್ಣಿನ ಅತಿ ಸಣ್ಣ, ಅಂಟುವ ಕಣಗಳು) ಕಡಿಮೆ, 5 ಸೆಂಟಿಮೀಟರ್ ದಾಟಿದರೆ ಜೇಡಿ ಹೆಚ್ಚು. ಎರೆಯ ಪಟ್ಟಿ ಉದ್ದಕ್ಕೆ ಬರುತ್ತದೆ, ಬೆರಳಿಗೆ ಅಂಟಿಕೊಂಡು ಬಿಡುವುದೇ ಇಲ್ಲ. ಪ್ರತಿ ಮಾದರಿಯನ್ನೂ ಮೂವರು ಬೇರೆ ಬೇರೆಯಾಗಿ ಮಾಡಿ, ಒಬ್ಬರ ಅಳತೆಯನ್ನು ಇನ್ನೊಬ್ಬರು ನೋಡದಂತೆ ಬರೆದಿಡಿ.

ಬಾಟಲಿಯ ಪರೀಕ್ಷೆ

ಎರಡು ಮಿಲಿಮೀಟರಿಗಿಂತ ದೊಡ್ಡದು ಗರಸು. ಅದಕ್ಕಿಂತ ಸಣ್ಣದು ಮರಳು, ಇನ್ನೂ ಸಣ್ಣದು ರೇವೆ, 0.002 ಮಿಲಿಮೀಟರಿಗಿಂತ ಸಣ್ಣದು ಜೇಡಿ. ಒಂದು ಮಣ್ಣಿನಲ್ಲಿ ಇವು ಎಷ್ಟೆಷ್ಟಿವೆ ಎಂಬುದನ್ನು ನೀರೇ ಬಿಡಿಸಿ ತೋರಿಸುತ್ತದೆ. ಏಕೆಂದರೆ ದೊಡ್ಡ ಕಣ ಬೇಗ ಮುಳುಗುತ್ತದೆ, ಸಣ್ಣದು ನಿಧಾನವಾಗಿ ಇಳಿಯುತ್ತದೆ.

ನೇರ ಗೋಡೆಯ ಪಾರದರ್ಶಕ ಬಾಟಲಿಯ ಮೂರನೇ ಒಂದು ಭಾಗಕ್ಕೆ ಜರಡಿ ಹಿಡಿದ ಮಣ್ಣು ಹಾಕಿ. ಕತ್ತಿನವರೆಗೆ ನೀರು ತುಂಬಿ, ಒಂದು ಚಮಚ ಬಟ್ಟೆ ಸೋಡಾ ಸೇರಿಸಿ. ಜೇಡಿಯ ಕಣಗಳು ಒಂದಕ್ಕೊಂದು ಅಂಟಿ ಗುಂಪುಗೂಡದಂತೆ ಸೋಡಾ ತಡೆಯುತ್ತದೆ. ಹತ್ತು ನಿಮಿಷ ಚೆನ್ನಾಗಿ ಕುಲುಕಿ, ಅಲುಗಾಡದ ಜಾಗದಲ್ಲಿ ಇಡಿ. ಒಂದು ನಿಮಿಷಕ್ಕೆ ತಳದಲ್ಲಿ ನಿಂತ ಮರಳಿನ ಎತ್ತರಕ್ಕೆ ಗೆರೆ ಹಾಕಿ, ಎರಡು ಗಂಟೆಗೆ ಇನ್ನೊಂದು ಗೆರೆ. ಆಮೇಲೆ ಕಾಯಬೇಕು. 0.002 ಮಿಲಿಮೀಟರಿನ ಕಣ 20 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಹತ್ತು ಸೆಂಟಿಮೀಟರ್ ಇಳಿಯಲು ಸುಮಾರು 8 ಗಂಟೆ ಬೇಕು. ಅದಕ್ಕಿಂತ ಸಣ್ಣ ಕಣಗಳು ದಿನಗಟ್ಟಲೆ ತೇಲುತ್ತಲೇ ಇರುತ್ತವೆ. ನಮ್ಮ ಕಡೆ ನೀರು ಬೆಚ್ಚಗಿರುವುದರಿಂದ ಸ್ವಲ್ಪ ಬೇಗ ಇಳಿಯಬಹುದು. ಎರಡು ದಿನ ಬಿಟ್ಟು ಕೊನೆಯ ಗೆರೆ ಹಾಕಿ, ಪ್ರತಿ ಪದರದ ದಪ್ಪವನ್ನು ಒಟ್ಟು ದಪ್ಪದಿಂದ ಭಾಗಿಸಿ ಶೇಕಡಾವಾರು ತೆಗೆಯಿರಿ. ಉಬ್ಬಿದ ಜೇಡಿ ಇರುವುದಕ್ಕಿಂತ ಹೆಚ್ಚು ದಪ್ಪವಾಗಿ ಕಾಣುತ್ತದೆ. ಆದ್ದರಿಂದ ಈ ಅಂಕಿಯನ್ನು ಪ್ರಯೋಗಾಲಯದ ನಿಖರ ಅಂಕಿ ಎಂದು ಭಾವಿಸಬೇಡಿ, ನಾಲ್ಕು ಜಾಗಗಳನ್ನು ಹೋಲಿಸಲು ಮಾತ್ರ ಬಳಸಿ.

ಸಾಮಾನ್ಯವಾಗಿ ಗುಡ್ಡದ ಬುಡದ ಬಾಟಲಿಯಲ್ಲಿ ಮರಳಿನ ಪದರ ದಪ್ಪ, ತಗ್ಗಿನ ಬಾಟಲಿಯಲ್ಲಿ ಜೇಡಿಯ ಪದರ ದಪ್ಪ. ಗ್ರಾನೈಟ್ ಸವೆಯುವಾಗ ಬೆಣಚುಕಲ್ಲು ಬಹುಮಟ್ಟಿಗೆ ಹಾಗೆಯೇ ಉಳಿದು ಮರಳಾಗುತ್ತದೆ, ಫೆಲ್ಡ್‌ಸ್ಪಾರ್ ನೀರಿನೊಡನೆ ರಾಸಾಯನಿಕವಾಗಿ ಬದಲಾಗಿ ಜೇಡಿಯಾಗುತ್ತದೆ. ಈ ಸವೆತ ಎಷ್ಟು ನಿಧಾನ ಎಂದು ತಿಳಿಯಬೇಕಾದರೆ ಕೊಪ್ಪಳದ ಗವಿಮಠಕ್ಕೆ ಹೋಗಿ ಅಶೋಕನ ಶಾಸನವನ್ನು ನೋಡಿ. ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ ಬಂಡೆಯ ಮೇಲೆ ಕೊರೆದ ಅಕ್ಷರಗಳನ್ನು ಇಂದಿಗೂ ಓದಬಹುದು. ಎರಡು ಸಾವಿರ ವರ್ಷ ದಾಟಿದರೂ ಕಲ್ಲು ಅಷ್ಟೇ ಸವೆದಿದೆ. ಹಾಗಿರುವಾಗ ಆಳೆತ್ತರದ ಎರೆ ಮಣ್ಣು ಕೂಡಲು ಎಷ್ಟು ಕಾಲ ಹಿಡಿದಿರಬೇಕು ಎಂಬುದನ್ನು ತರಗತಿಯಲ್ಲಿ ಚರ್ಚಿಸಿ.

ಕುಗ್ಗುವಿಕೆ: ಈ ಪರೀಕ್ಷೆಗೆ ಹೆಚ್ಚು ಸಮಯ ಕೊಡಿ

ಎರೆಯ ಗುಟ್ಟು ಇಲ್ಲಿದೆ. ಒಂದಿಂಚು ವ್ಯಾಸದ ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿ, ಸರಿಯಾಗಿ 10 ಸೆಂಟಿಮೀಟರಿನ ತುಂಡುಗಳನ್ನು ಮಾಡಿಕೊಳ್ಳಿ. ಎರಡೂ ತುದಿಗೆ ಚಪ್ಪಟೆ ತಗಡನ್ನು ಅಂಟಿಸಿ ತೊಟ್ಟಿಯಂತೆ ಮಾಡಿ. ಸೀಳುವ ಕೆಲಸವನ್ನು ಪ್ಲಂಬರ್ ಕೈಯಲ್ಲಿ ಮಾಡಿಸಿದರೆ ಒಳ್ಳೆಯದು. ಒಳಮೈಗೆ ಎಣ್ಣೆ ಸವರಿ. ಮಣ್ಣಿಗೆ ನೀರು ಬೆರೆಸಿ, ಚಮಚದಿಂದ ನಿಧಾನವಾಗಿ ಜಾರುವಷ್ಟು ಮೆತ್ತಗೆ ಕಲಸಿ ಒಂದು ರಾತ್ರಿ ನೆನೆಯಲು ಬಿಡಿ. ಮರುದಿನ ಗಾಳಿಗುಳ್ಳೆ ಉಳಿಯದಂತೆ ತಟ್ಟುತ್ತಾ ಅಚ್ಚಿಗೆ ತುಂಬಿ ಮೇಲ್ಮೈ ಸಮ ಮಾಡಿ. ನೆರಳಿನಲ್ಲಿ ಮೂರು ದಿನ, ಆಮೇಲೆ ಬಿಸಿಲಿನಲ್ಲಿ ಒಂದು ದಿನ ಒಣಗಿಸಿ. ಮೊದಲೇ ಬಿಸಿಲಿಗಿಟ್ಟರೆ ಮೇಲ್ಮೈ ಬೇಗ ಒಣಗಿ ಪಟ್ಟಿ ಬಾಗಿ ಚೂರಾಗುತ್ತದೆ, ಅಳತೆ ಸಿಗುವುದಿಲ್ಲ.

ಒಣಗಿದ ಪಟ್ಟಿಯ ಉದ್ದ ಅಳೆಯಿರಿ. ಅಚ್ಚು 10 ಸೆಂಟಿಮೀಟರ್ ಇರುವುದರಿಂದ ಒಂದು ಮಿಲಿಮೀಟರ್ ಕುಗ್ಗಿದರೆ ಶೇಕಡಾ ಒಂದು ಎಂದು ನೇರವಾಗಿ ಓದಬಹುದು. ಮಸಾರಿ ಕೆಲವೇ ಮಿಲಿಮೀಟರ್ ಕುಗ್ಗುತ್ತದೆ. ಎರೆ ಒಂದು ಸೆಂಟಿಮೀಟರಿಗಿಂತ ಹೆಚ್ಚು ಕುಗ್ಗುವುದು ಸಾಮಾನ್ಯ.

ಈಗ ಲೆಕ್ಕ. ಒಂದು ಪಟ್ಟಿ 10 ಸೆಂಟಿಮೀಟರಿನಿಂದ 8.5ಕ್ಕೆ ಇಳಿಯಿತು ಎಂದುಕೊಳ್ಳಿ. ಅಗಲ, ಎತ್ತರಗಳೂ ಅದೇ ಪ್ರಮಾಣದಲ್ಲಿ ಇಳಿದಿರುತ್ತವೆ. 0.85 × 0.85 × 0.85 ಅಂದರೆ 0.614. ಉದ್ದದಲ್ಲಿ ಶೇ. 15 ಮಾತ್ರ ಕಡಿಮೆಯಾದ ಮಣ್ಣು ಗಾತ್ರದಲ್ಲಿ ಶೇ. 39ರಷ್ಟು ಕಡಿಮೆಯಾಗಿದೆ. ಹೊಲದಲ್ಲಿ ಬಿರುಕು ಬೀಳುವುದಕ್ಕೆ ಕಾರಣ ಇದೇ. ಎರೆಯ ಮೇಲೆ ಕಟ್ಟಿದ ಮನೆಯ ಗೋಡೆ ಸೀಳುವುದಕ್ಕೆ, ರಸ್ತೆ ಅಲೆಅಲೆಯಾಗುವುದಕ್ಕೆ ಕಾರಣವೂ ಇದೇ. ಮನೆ ಕಟ್ಟುವವರು ಎರೆಯನ್ನು ತೆಗೆದು ಗರಸು ತುಂಬಿ ಬುನಾದಿ ಹಾಕುವುದನ್ನು ನೀವು ನೋಡಿರಬಹುದು.

ಹೀಗೇಕೆ? ಎರೆಯಲ್ಲಿ ಹೆಚ್ಚಾಗಿರುವುದು ಸ್ಮೆಕ್ಟೈಟ್ ಎಂಬ ಜೇಡಿ ಖನಿಜ. ಅದರ ಕಣ ಎಂದರೆ ಜೋಳದ ರೊಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿಟ್ಟಂತೆ ಜೋಡಿಸಿದ ಅತಿ ತೆಳು ಹಾಳೆಗಳು. ಹಾಳೆಗಳ ನಡುವೆ ನೀರು ನುಗ್ಗಿದರೆ ಅವು ದೂರ ಸರಿಯುತ್ತವೆ, ಒಣಗಿದರೆ ಹತ್ತಿರ ಬರುತ್ತವೆ. ಮಸಾರಿಯಲ್ಲಿ ಸಾಮಾನ್ಯವಾಗಿ ಹೆಚ್ಚಿರುವುದು ಕೆಯೊಲಿನೈಟ್. ಅದರ ಹಾಳೆಗಳನ್ನು ಗಟ್ಟಿ ಬಂಧ ಹಿಡಿದಿಟ್ಟಿರುವುದರಿಂದ ನಡುವೆ ನೀರು ಹೋಗಲಾರದು.

ಬಿರುಕುಗಳನ್ನೂ ಅಳೆಯಿರಿ. ಎರೆ ಹೊಲದಲ್ಲಿ ಒಂದು ಮೀಟರ್ ಚೌಕಕ್ಕೆ ದಾರ ಕಟ್ಟಿ, ಅದರೊಳಗಿನ ಬಿರುಕುಗಳ ಅಗಲವನ್ನು ಸ್ಕೇಲಿನಿಂದ, ಆಳವನ್ನು ತುದಿಗೆ ಸಣ್ಣ ಕಲ್ಲು ಕಟ್ಟಿದ ದಾರದಿಂದ ನೋಡಿ. ಅರ್ಧ ಮೀಟರ್ ಆಳದಲ್ಲೂ ಒಂದು ಸೆಂಟಿಮೀಟರ್ ಅಗಲ ಉಳಿದಿದ್ದರೆ ಅದು ನಿಜವಾದ ಆಳದ ಎರೆ. ಮೇಲಿನ ಪುಡಿ ಮಣ್ಣು ಈ ಬಿರುಕುಗಳೊಳಗೆ ಬಿದ್ದು, ಮಳೆಗೆ ಉಬ್ಬಿ, ವರ್ಷದಿಂದ ವರ್ಷಕ್ಕೆ ಮೇಲಿನದು ಕೆಳಗೆ ಕೆಳಗಿನದು ಮೇಲೆ ಆಗುತ್ತಿರುತ್ತದೆ. ಎರೆ ತನ್ನನ್ನು ತಾನೇ ಉಳುತ್ತದೆ ಎನ್ನುವುದು ಈ ಅರ್ಥದಲ್ಲಿ.

ನೀರು ಇಂಗುವ ವೇಗ

ನಾಲ್ಕಿಂಚು ವ್ಯಾಸದ ಪೈಪಿನ 20 ಸೆಂಟಿಮೀಟರ್ ತುಂಡನ್ನು ನೆಲಕ್ಕೆ 5 ಸೆಂಟಿಮೀಟರ್ ಇಳಿಯುವಂತೆ ಮರದ ಹಲಗೆ ಇಟ್ಟು ಬಡಿಯಿರಿ. ಒಳಗೆ ಸುಮಾರು 80 ಮಿಲಿಲೀಟರ್ ಸುರಿದರೆ ನೀರಿನ ಮಟ್ಟ ಒಂದು ಸೆಂಟಿಮೀಟರ್ ಏರುತ್ತದೆ. 400 ಮಿಲಿಲೀಟರ್ ಸುರಿದು, ಐದೈದು ನಿಮಿಷಕ್ಕೆ ಮಟ್ಟ ಎಷ್ಟು ಇಳಿಯಿತೆಂದು ಬರೆಯಿರಿ. ಅದೇ ಜಾಗವನ್ನು ರಾತ್ರಿಯೆಲ್ಲ ನೆನೆಸಿ ಮರುದಿನ ಬೆಳಿಗ್ಗೆ ಮತ್ತೊಮ್ಮೆ ಮಾಡಿ. ಈ ಎರಡನೇ ಬಾರಿಯ ಅಳತೆಯನ್ನು ಮಾಡದೆ ಬಿಟ್ಟರೆ ಎರೆಯ ಬಗ್ಗೆ ಪೂರ್ತಿ ತಪ್ಪು ತೀರ್ಮಾನಕ್ಕೆ ಬರುತ್ತೀರಿ. ಒಣ ಎರೆಯಲ್ಲಿ ನೀರು ಬಿರುಕಿನೊಳಗೆ ಸರ್ರನೆ ಇಳಿದುಹೋಗುತ್ತದೆ. ನೆನೆದ ಎರೆಯಲ್ಲಿ ಬಿರುಕು ಮುಚ್ಚಿಕೊಂಡು, ಗಂಟೆಗೆ ಕೆಲವೇ ಮಿಲಿಮೀಟರ್ ಇಳಿಯಬಹುದು. ಮಸಾರಿಯಲ್ಲಿ ಎರಡು ಅಳತೆಗಳ ನಡುವೆ ಇಷ್ಟು ಅಂತರ ಇರುವುದಿಲ್ಲ.

ಈ ಅಂಕಿಗಳನ್ನು ಬೆಳೆಗಳ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿ. ಮಸಾರಿಯಲ್ಲಿ ಮುಂಗಾರಿಗೇ ಸಜ್ಜೆ, ಶೇಂಗಾ ಬಿತ್ತುತ್ತಾರೆ. ನೀರು ನಿಲ್ಲದ ನೆಲವಾದ್ದರಿಂದ ಮಳೆ ಬರುವಾಗಲೇ ಬೆಳೆ ಎಬ್ಬಿಸಬೇಕು. ಆಳದ ಎರೆಯನ್ನು ಮಳೆಯಾಶ್ರಯದಲ್ಲಿ ಹಲವರು ಮುಂಗಾರಿನಲ್ಲಿ ಖಾಲಿ ಬಿಟ್ಟು, ನೆಲ ನೀರು ಕುಡಿದ ಮೇಲೆ ಹಿಂಗಾರಿಗೆ ಬಿಳಿಜೋಳ, ಕಡಲೆ ಬಿತ್ತುತ್ತಾರೆ. ಜೇಡಿ ಕೂಡಿಟ್ಟ ತೇವದ ಮೇಲೆಯೇ ಆ ಬೆಳೆ ನಿಲ್ಲುತ್ತದೆ. ನಿಮ್ಮ ಪೈಪಿನ ಅಳತೆ ಮತ್ತು ಊರಿನ ಬಿತ್ತನೆಯ ಪದ್ಧತಿ ಎರಡೂ ಒಂದೇ ಮಾತು ಹೇಳುತ್ತವೆಯೇ ಎಂದು ಪರಿಶೀಲಿಸಿ.

ಹುಳಿ, ಅಯಸ್ಕಾಂತ, ಅರಿಶಿನ

ಈ ಮೂರೂ ಸಣ್ಣ ಪರೀಕ್ಷೆಗಳು, ಒಂದೇ ಮಧ್ಯಾಹ್ನ ಮುಗಿಯುತ್ತವೆ.

ಎರೆಯಲ್ಲಿ ಸಿಗುವ ಬಿಳಿ ಸುಣ್ಣದ ಹರಳನ್ನು ಒಡೆದು ಒಳಗಿನ ಪುಡಿಗೆ ವಿನೆಗರ್ ಅಥವಾ ನಿಂಬೆರಸ ಹಾಕಿ. ನೊರೆ ಬಂದರೆ ಅದು ಕ್ಯಾಲ್ಸಿಯಂ ಕಾರ್ಬೊನೇಟ್, ಹೊರಬರುವುದು ಇಂಗಾಲದ ಡೈಆಕ್ಸೈಡ್. ನಾಲ್ಕೂ ಜಾಗದ ಮಣ್ಣಿಗೆ ಇದೇ ಪರೀಕ್ಷೆ ಮಾಡಿ, ನೊರೆ ಸಣ್ಣದಿದ್ದರೆ ಭೂತಗನ್ನಡಿ ಹಿಡಿದು ನೋಡಿ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸಿನ ಮಳೆಯ ನಮ್ಮ ನೆಲದಲ್ಲಿ ಮೇಲಿನ ಇಳಿಜಾರಿನಿಂದ ತೊಳೆದು ಬಂದ ಕ್ಯಾಲ್ಸಿಯಂ ತಗ್ಗಿನಲ್ಲಿ ಉಳಿದುಬಿಡುತ್ತದೆ, ಅದನ್ನು ಇನ್ನೂ ಮುಂದಕ್ಕೆ ಕೊಚ್ಚಿಕೊಂಡು ಹೋಗುವಷ್ಟು ಮಳೆ ಇಲ್ಲ. ನೊರೆ ಎಲ್ಲಿ ಶುರುವಾಯಿತು ಎಂಬುದನ್ನು ನಿಮ್ಮ ಎತ್ತರದ ನಕ್ಷೆಯಲ್ಲಿ ಗುರುತು ಮಾಡಿ.

ಅಯಸ್ಕಾಂತವನ್ನು ತೆಳು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಣ ಮಸಾರಿಯಲ್ಲಿ ಆಡಿಸಿ. ಕೆಂಪು ಬಣ್ಣ ಕಬ್ಬಿಣದಿಂದ ಬಂದದ್ದು ಎಂದು ಓದಿರುವುದರಿಂದ ಕೆಂಪು ಕಣಗಳೇ ಅಂಟುತ್ತವೆ ಎಂದು ನಿರೀಕ್ಷಿಸುತ್ತೀರಿ. ಅಂಟುವುದು ಕಪ್ಪು ಕಣಗಳು. ಅವು ಮ್ಯಾಗ್ನಟೈಟ್. ಕೆಂಪು ಬಣ್ಣ ಕೊಡುವ ಹೆಮಟೈಟ್ ಕೂಡ ಕಬ್ಬಿಣದ ಆಕ್ಸೈಡೇ, ಸಂಡೂರಿನ ಅದಿರಿನಲ್ಲಿ ಹೆಚ್ಚಾಗಿರುವುದೂ ಅದೇ. ಆದರೆ ಸಾಮಾನ್ಯ ಅಯಸ್ಕಾಂತಕ್ಕೆ ಅದು ಸುಲಭವಾಗಿ ಅಂಟುವುದಿಲ್ಲ. ಒಂದೇ ಮೂಲಧಾತು, ಪರಮಾಣುಗಳ ಜೋಡಣೆ ಬೇರೆ, ಗುಣವೂ ಬೇರೆ.

ಅರಿಶಿನದ ನೀರಿನಲ್ಲಿ ಅದ್ದಿ ಒಣಗಿಸಿದ ಕಾಗದದ ಪಟ್ಟಿಗಳನ್ನು ಮಾಡಿಟ್ಟುಕೊಳ್ಳಿ. ಒಂದು ಭಾಗ ಮಣ್ಣಿಗೆ ಎರಡೂವರೆ ಭಾಗ ನೀರು ಬೆರೆಸಿ, ಅರ್ಧ ಗಂಟೆ ಬಿಟ್ಟು, ಮೇಲಿನ ತಿಳಿಯಲ್ಲಿ ಪಟ್ಟಿ ಅದ್ದಿ. ಹಳದಿಯೇ ಉಳಿದರೆ ಕ್ಷಾರ ಹೆಚ್ಚಿಲ್ಲ, ಕೆಂಗಂದಾದರೆ ಪ್ರಬಲ ಕ್ಷಾರ. ಬಟ್ಟೆ ಸೋಡಾ ಹಾಕಿದ ಬಾಟಲಿಯ ನೀರನ್ನು ಇದಕ್ಕೆ ಬಳಸಬೇಡಿ. ಸೋಡಾವೇ ಅರಿಶಿನವನ್ನು ಕೆಂಪಾಗಿಸುತ್ತದೆ.

ಸವಳು ಇದ್ದ ಊರಿನವರಿಗೆ

ತುಂಗಭದ್ರಾ ಕಾಲುವೆಯ ನೀರು ಬಂದ ಮೇಲೆ ಗಂಗಾವತಿ, ಸಿಂಧನೂರು, ಸಿರುಗುಪ್ಪ ಕಡೆ ಭತ್ತ ಹಬ್ಬಿತು. ನೀರು ಹೆಚ್ಚಾಗಿ ಬಸಿಯಲು ದಾರಿ ಇಲ್ಲದ ಕಡೆ ಅಂತರ್ಜಲ ಮೇಲೇರಿ, ಬಿಸಿಲಿಗೆ ಆವಿಯಾಗಿ, ಉಪ್ಪನ್ನು ಮೇಲ್ಮೈಯಲ್ಲಿ ಬಿಟ್ಟುಹೋಯಿತು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಈ ಸವಳಿನ ಮೇಲೆಯೇ ಸಂಶೋಧನೆ ನಡೆಯುತ್ತದೆ. ಮುಂಚಿತವಾಗಿ ಪತ್ರ ಬರೆದು ಅನುಮತಿ ಕೇಳಿ, ಶಾಲೆಯಿಂದ ಹೋಗಿಬರಲು ಯೋಗ್ಯವಾದ ಜಾಗ.

ಸವಳಿನಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ. ಒಂದು, ಕರಗಿದ ಉಪ್ಪು ಒಟ್ಟಾರೆ ಹೆಚ್ಚಿರುವುದು. ಇನ್ನೊಂದು, ಜೇಡಿಗೆ ಅಂಟಿಕೊಂಡ ಸೋಡಿಯಂ ಹೆಚ್ಚಿರುವುದು. ಎರಡನೆಯದನ್ನು ಪತ್ತೆ ಮಾಡಲು, ಎತ್ತಿಟ್ಟಿದ್ದ ಒಣ ಹೆಂಟೆಯಿಂದ ಕಡಲೆ ಕಾಳಿನಷ್ಟು ಚೂರು ಮುರಿದು ಗಾಜಿನ ಲೋಟದ ನೀರಿನಲ್ಲಿ ಮೆಲ್ಲಗೆ ಬಿಡಿ, ಅಲುಗಿಸಬೇಡಿ. ನೀರು ಮಳೆನೀರಾಗಿರಬೇಕು, ಇಲ್ಲವೇ ಊರಿನ ಶುದ್ಧ ಕುಡಿಯುವ ನೀರಿನ ಘಟಕದ್ದಾಗಿರಬೇಕು. ಕೊಳವೆಬಾವಿಯ ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಜೇಡಿಯನ್ನು ಗುಂಪುಗೂಡಿಸಿ ಪರೀಕ್ಷೆಯನ್ನು ಕೆಡಿಸುತ್ತದೆ. ಚೂರು ಕುಸಿದು ಪುಡಿಯಾದರೂ ನೀರು ತಿಳಿಯಾಗಿದ್ದರೆ ಸೋಡಿಯಂನ ಕಾಟವಿಲ್ಲ. ಚೂರಿನ ಸುತ್ತ ಮೋಡದಂಥ ರಾಡಿ ಹರಡಿ, ಎರಡು ಗಂಟೆ ಕಳೆದರೂ ಹಾಗೆಯೇ ಇದ್ದರೆ ಸೋಡಿಯಂ ಹೆಚ್ಚಿದೆ. ಆದರೆ ಕರಗಿದ ಉಪ್ಪು ತುಂಬಾ ಇದ್ದಾಗ ಸೋಡಿಯಂ ಇದ್ದರೂ ರಾಡಿ ಕಾಣದಿರಬಹುದು. ಆದ್ದರಿಂದ ಮಣ್ಣನ್ನು ಒಮ್ಮೆ ಮಳೆನೀರಿನಲ್ಲಿ ತೊಳೆದು ಒಣಗಿಸಿ ಇನ್ನೊಮ್ಮೆ ನೋಡಿ.

ಸೋಡಿಯಂ ಜೇಡಿಯನ್ನು ಬಿಡಿಬಿಡಿ ಕಣಗಳಾಗಿ ಒಡೆಯುತ್ತದೆ. ಆ ಕಣಗಳು ಮಣ್ಣಿನ ರಂಧ್ರಗಳಲ್ಲಿ ಕೂತು ನೀರಿನ ದಾರಿ ಮುಚ್ಚುತ್ತವೆ. ಹೊಲಕ್ಕೆ ಇದು ಶಾಪ. ಆದರೆ ನಮ್ಮ ಹಿರಿಯರು ಇದೇ ಗುಣವನ್ನು ಮನೆಗೆ ಬಳಸಿಕೊಂಡರು. ಮಾಳಿಗೆ ಮನೆಗಳ (ಮಣ್ಣಿನ ಸಮತಟ್ಟು ಚಾವಣಿಯ ಮನೆಗಳ) ಮೇಲೆ ಮಳೆಗಾಲಕ್ಕೆ ಮುಂಚೆ ಸವಳು ಮಣ್ಣು ಹಾಸುವುದು ಇದಕ್ಕೇ. ಮೊದಲ ಮಳೆಗೆ ಜೇಡಿ ಬಿಡಿಯಾಗಿ ರಂಧ್ರ ಮುಚ್ಚಿ, ಮುಂದಿನ ಮಳೆ ಒಳಗಿಳಿಯದೆ ಹೊರಗೆ ಹರಿದುಹೋಗುತ್ತದೆ. ಮನೆಯ ಹಿರಿಯರನ್ನು ಕೇಳಿ, ಸವಳನ್ನು ಯಾವ ಜಾಗದಿಂದ ತರುತ್ತಿದ್ದರು, ಹೇಗೆ ಗುರುತಿಸುತ್ತಿದ್ದರು ಎಂದು ಬರೆದುಕೊಳ್ಳಿ. ಆ ಜಾಗದ ಮಣ್ಣನ್ನೂ ಲೋಟದ ಪರೀಕ್ಷೆಗೆ ಹಾಕಿ. ಈ ಇಡೀ ಮಾರ್ಗದರ್ಶಿಯಲ್ಲಿ ನನಗೆ ಅತ್ಯಂತ ಇಷ್ಟವಾದ ಕೆಲಸ ಇದು.

ಸೋಡಿಯಂ ಸವಳಿನ ಹೊಲಕ್ಕೆ ಜಿಪ್ಸಂ (ಕ್ಯಾಲ್ಸಿಯಂ ಸಲ್ಫೇಟ್) ಹಾಕುವುದೇಕೆ ಎಂಬುದನ್ನೂ ತೋರಿಸಬಹುದು. ಎರಡು ಲೋಟಗಳಲ್ಲಿ ಒಂದೇ ರಾಡಿ ನೀರು ತೆಗೆದುಕೊಂಡು ಒಂದಕ್ಕೆ ಮಾತ್ರ ಸೀಮೆಸುಣ್ಣದ ಪುಡಿ ಹಾಕಿ ಕಲಕಿ. ಇಂದಿನ ಸೀಮೆಸುಣ್ಣ ಹೆಚ್ಚಾಗಿ ಜಿಪ್ಸಂನದು. ಮೊದಲು ಅದರ ಮೇಲೆ ವಿನೆಗರ್ ಹಾಕಿ, ನೊರೆ ಬಾರದಿದ್ದರೆ ಬಳಸಿ. ಸೀಮೆಸುಣ್ಣ ಹಾಕಿದ ಲೋಟ ಬೇಗ ತಿಳಿಯಾಗುತ್ತದೆ. ಕರಗಿದ ಕ್ಯಾಲ್ಸಿಯಂ, ಸೋಡಿಯಂನ ಜಾಗ ಹಿಡಿದು ಜೇಡಿಯ ಕಣಗಳನ್ನು ಮತ್ತೆ ಗುಂಪುಗೂಡಿಸಿದೆ. ಹೊಲದಲ್ಲಾದರೆ ಬಿಡುಗಡೆಯಾದ ಸೋಡಿಯಂ ಹೊರಹೋಗಲು ಬಸಿಗಾಲುವೆಯೂ ಬೇಕು, ಜಿಪ್ಸಂ ಒಂದೇ ಸಾಲದು.

ಎಲ್ಲವನ್ನೂ ಒಂದೇ ಹಾಳೆಯ ಮೇಲೆ

ದೊಡ್ಡ ಗ್ರಾಫ್ ಹಾಳೆಯಲ್ಲಿ ಗುಡ್ಡದಿಂದ ಹಳ್ಳದವರೆಗಿನ ಇಳಿಜಾರನ್ನು ಬರೆಯಿರಿ. ಪ್ರತಿ ಜಾಗದ ಕೆಳಗೆ ಬಣ್ಣ, ಪಟ್ಟಿಯ ಉದ್ದ, ಮರಳು ಮತ್ತು ಜೇಡಿಯ ಶೇಕಡಾವಾರು, ಕುಗ್ಗುವಿಕೆ, ನೆನೆದ ನೆಲದಲ್ಲಿ ಇಂಗುವ ವೇಗ, ನೊರೆ ಇದೆಯೋ ಇಲ್ಲವೋ, ಹೊಲದವರು ಕೊಟ್ಟ ಹೆಸರು, ಇಷ್ಟನ್ನೂ ತುಂಬಿ. ಬಣ್ಣ ಬದಲಾದ ಜಾಗ, ಕುಗ್ಗುವಿಕೆ ಏರಿದ ಜಾಗ, ನೊರೆ ಶುರುವಾದ ಜಾಗ ಒಂದಕ್ಕೊಂದು ಹತ್ತಿರ ಇವೆಯೇ?

ಇದ್ದರೆ ನಿಮ್ಮ ಸಾಲು ಹೇಳುತ್ತಿರುವುದು ಇದು: ಎತ್ತರದಲ್ಲಿ ನೀರು ನಿಲ್ಲದೆ ಹರಿದು ಹೋಗುವಾಗ ಕ್ಯಾಲ್ಸಿಯಂ, ಮೆಗ್ನೀಷಿಯಂ, ಕರಗಿದ ಸಿಲಿಕಾವನ್ನು ಒಯ್ದಿದೆ. ಉಳಿದದ್ದು ಮರಳು, ಕೆಯೊಲಿನೈಟ್, ಕೆಂಪು ಕಬ್ಬಿಣದ ಆಕ್ಸೈಡ್. ಹೊತ್ತು ತಂದದ್ದು ತಗ್ಗಿನಲ್ಲಿ ಸೇರಿ, ಬಸಿದು ಹೋಗದೆ ಅಲ್ಲೇ ಸ್ಮೆಕ್ಟೈಟ್ ಆಗಿದೆ. ಲಾವಾ ಇಲ್ಲದೆಯೂ ಎರೆ ಆಗಬಲ್ಲದು. ಕಪ್ಪು ಬಣ್ಣ ಕಂಡು ಸಾವಯವ ಅಂಶ ಹೇರಳವಾಗಿದೆ ಎಂದೂ ಬರೆಯಬೇಡಿ. ನಮ್ಮ ಎರೆಯಲ್ಲಿ ಸಾವಯವ ಇಂಗಾಲ ಸಾಮಾನ್ಯವಾಗಿ ಶೇಕಡಾ ಒಂದನ್ನೂ ಮುಟ್ಟುವುದಿಲ್ಲ. ಇರುವಷ್ಟೇ ಸ್ವಲ್ಪ ಅಂಶ ಜೇಡಿಯೊಡನೆ ಗಟ್ಟಿಯಾಗಿ ಬೆಸೆದು ಬಣ್ಣ ಕೊಡುತ್ತದೆ.

ನಡುಇಳಿಜಾರಿನಲ್ಲೇ ಇದ್ದಕ್ಕಿದ್ದಂತೆ ಕಪ್ಪು ಮಣ್ಣಿನ ಪಟ್ಟಿ ಸಿಕ್ಕರೆ ಅದನ್ನು ಅಳತೆಯ ದೋಷವೆಂದು ಬಿಟ್ಟುಬಿಡಬೇಡಿ. ಸುತ್ತ ಭಾರವಾದ, ನುಣುಪು ಕಣಗಳ ಕಪ್ಪು ಕಲ್ಲು ಹುಡುಕಿ. ಗ್ರಾನೈಟನ್ನು ಸೀಳಿಕೊಂಡು ಮೇಲೆದ್ದ ಡಾಲರೈಟ್ ಶಿಲೆಯ ಪಟ್ಟಿಗಳು ಬಳ್ಳಾರಿ ಸುತ್ತ ಹಲವಿವೆ, ಸಂಗನಕಲ್ಲಿನ ನವಶಿಲಾಯುಗದ ಜನ ಕೊಡಲಿ ಮಾಡಿದ್ದು ಅದೇ ಕಲ್ಲಿನಿಂದ. ಸಂಡೂರು, ಹಟ್ಟಿ, ಮಸ್ಕಿ ಕಡೆ ಪದರಪದರವಾಗಿ ಸೀಳುವ ಶಿಸ್ಟ್ ಶಿಲೆಗಳೂ ಇವೆ. ಅಲ್ಲಿ ಕಲ್ಲು ಮತ್ತು ಇಳಿಜಾರು ಎರಡೂ ಸೇರಿ ಕೆಲಸ ಮಾಡಿರುತ್ತವೆ. ಆಗ ಇನ್ನೊಂದು ಸಾಲು ಹಾಕಿ ಪಕ್ಕದಲ್ಲೇ ಅಳೆಯುವುದು ಒಂದೇ ದಾರಿ.

ಪ್ರತಿ ಮಾದರಿಯಿಂದ ಅರ್ಧ ಕಿಲೋವನ್ನು ಹೋಬಳಿಯ ರೈತ ಸಂಪರ್ಕ ಕೇಂದ್ರದ ಮೂಲಕ ಮಣ್ಣು ಪರೀಕ್ಷೆಗೆ ಕಳಿಸಲು ಆಗುತ್ತದೆಯೇ ಎಂದು ಶಿಕ್ಷಕರ ಜೊತೆ ಹೋಗಿ ವಿಚಾರಿಸಿ. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿ ಯೋಜನೆಯಲ್ಲಿ 12 ಅಂಶಗಳನ್ನು ಪರೀಕ್ಷಿಸುತ್ತಾರೆ. ಹೊಲದವರ ಬಳಿ ಈಗಾಗಲೇ ಚೀಟಿ ಇದ್ದರೆ ಅದನ್ನೇ ಕೇಳಿ ನೋಡಬಹುದು. ಅದರಲ್ಲಿನ ರಸಸಾರ (ಪಿಎಚ್) 8.5 ದಾಟಿದ ಜಾಗಗಳಲ್ಲಿ ನಿಮ್ಮ ಅರಿಶಿನದ ಪಟ್ಟಿ ಕೆಂಪಾಗಿತ್ತೇ, ಸಾವಯವ ಇಂಗಾಲ ಎಷ್ಟಿದೆ ಎಂದು ಹೋಲಿಸಿ. ಹೋಲಿಕೆ ತಪ್ಪಿದ ಕಡೆ ಆ ಒಂದು ಪರೀಕ್ಷೆಯನ್ನು ಮತ್ತೆ ಮಾಡಿ. ಹೊಲದವರಿಗೆ ಗ್ರಾಫಿನ ಒಂದು ಪ್ರತಿ ಕೊಡಿ. ಸಾಲಿನ ನಾಲ್ಕು ಜಾಗಗಳನ್ನು ಬದುವಿನ ಮೇಲಿನ ಗುರುತುಗಳೊಂದಿಗೆ ದಾಖಲಿಸಿಟ್ಟರೆ ಮುಂದಿನ ವರ್ಷದ ತರಗತಿಯವರು ಅದೇ ಜಾಗದಲ್ಲಿ ಬಿರುಕು ಮತ್ತು ಸವಳನ್ನು ಅಳೆದು ನಿಮ್ಮ ಅಂಕಿಗಳ ಪಕ್ಕದಲ್ಲಿ ಬರೆಯಬಹುದು.